ಉಸಿರೆಳೆದು ಹೌದೆನ್ನುವವರು

ಈ ಊರಿಗೆ ಬಂದ ಹನ್ನೊಂದನೆಯ ದಿನ, ಮುದುಕಿಯೊಬ್ಬಳು ಸಾಯುತ್ತಿದ್ದಾಳೆಂದು ಹೇಳಿ ನಾನು ನಡುನೀರಿನಲ್ಲಿದ್ದ ಹಡಗನ್ನು ಹಿಂದಕ್ಕೆ ತಿರುಗಿಸಿದೆ. ಮುದುಕಿಗೆ ಏನೂ ಆಗಿರಲಿಲ್ಲ. ಅವಳು ಬರೀ ‘ಹೌದು’ ಅನ್ನುತ್ತಿದ್ದಳು.

ಎಪ್ಪತ್ತರ ದಶಕದ ನಡುವಿನ ಮಾತು. ಬಂಟ್ವಾಳದ ಹತ್ತಿರದ ನರಿಕೊಂಬಿನವಳಾದ ನಾನು ಬೊಂಬಾಯಿಯಲ್ಲಿ ನರ್ಸ್ ತರಬೇತಿ ಮುಗಿಸಿ, ನಾರ್ವೆ ದೇಶದ ಬಡಗಣ ಕರಾವಳಿಯ ಈ ದ್ವೀಪದ ಸಣ್ಣ ಆಸ್ಪತ್ರೆಗೆ ಬಂದಿದ್ದೆ. ಇಲ್ಲಿಂದ ಪೇಟೆಗೆ ಹೋಗಲು ‘ಫೆರ್ಯೆ’ ಹತ್ತಬೇಕು. ಲಾರಿ, ಕಾರು, ಜನ, ಮೀನಿನ ಪೆಟ್ಟಿಗೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ದಾಟಿಸುವ ಹಡಗು ಅದು. ಅದು ಬಂದು ನಿಲ್ಲುವ ಕಟ್ಟೆಗೆ ಇವರು ‘ಕಾಯ್’ ಅನ್ನುತ್ತಾರೆ. ಮೊದಲ ದಿನ ಒಬ್ಬಾತ ಕೈತೋರಿಸಿ "ಕಾಯ್, ಕಾಯ್" ಎಂದಾಗ, ಕಾಯಲು ಹೇಳುತ್ತಿದ್ದಾನೆಂದು ನಾನು ಇದ್ದಲ್ಲೇ ನಿಂತೆ. ಹಡಗು ಹೋಯಿತು.

ಹನ್ನೊಂದನೆಯ ದಿನ, ರಾಗ್ನ್‌ಹಿಲ್ಡ್ ಎಂಬ ಎಪ್ಪತ್ತು ದಾಟಿದ ಅಜ್ಜಿಯನ್ನು ಕಣ್ಣಿನ ಪರೀಕ್ಷೆಗೆ ಪೇಟೆಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಹಡಗಿನಲ್ಲಿ ಕಿಟಕಿಯ ಬಳಿ ಕೂರಿಸಿ, ಬಾಯಿಪಾಠ ಮಾಡಿಕೊಂಡಿದ್ದ ಮಾತಿನಲ್ಲಿ "ಕಂಬಳಿ ಸಾಕೇ?" ಎಂದು ಕೇಳಿದೆ. ಅವಳು ಬಾಯಿ ತುಸು ತೆರೆದು, ಗಕ್ಕನೆ ಉಸಿರನ್ನು ಒಳಕ್ಕೆಳೆದಳು. "ಆರಾಮವೇ?" ಎಂದೆ. ಮತ್ತೆ ಅದೇ ಏದುಸಿರು. ಗಾಬರಿಯಲ್ಲಿ ನಾಡಿ ಹಿಡಿದೆ. ಅವಳ ನಾಡಿ ಯಾವುದು, ನನ್ನದು ಯಾವುದು ಎಂದೇ ತಿಳಿಯಲಿಲ್ಲ. ಮೇಲಕ್ಕೆ ಓಡಿ ಕಪ್ತಾನನಿಗೆ ಇಂಗ್ಲಿಷಿನಲ್ಲಿ, ಅಜ್ಜಿಗೆ ಉಸಿರು ಸಿಗುತ್ತಿಲ್ಲ ಎಂದೆ. ನರ್ಸ್ ಹೇಳಿದ ಮೇಲೆ ಅವನು ಇನ್ನೊಂದು ಮಾತು ಕೇಳಲಿಲ್ಲ. ಪೇಟೆಗಿಂತ ದ್ವೀಪವೇ ಹತ್ತಿರವಿತ್ತು, ಹಡಗು ತಿರುಗಿತು.

ಕಪ್ತಾನ ರೇಡಿಯೋದಲ್ಲಿ ತಿಳಿಸಿದ್ದರಿಂದ ಕಟ್ಟೆಯ ಮೇಲೆ ನಮ್ಮ ಡಾಕ್ಟರು ಕಾದಿದ್ದರು. "ನಡೆಯಲು ಆಗುತ್ತದೆಯೇ?" ಎಂದು ಅಜ್ಜಿಯನ್ನು ಕೇಳಿದರು. ಅವಳು ಗಕ್ಕನೆ ಉಸಿರೆಳೆದು, ಎದ್ದು, ನಡೆದೇಬಿಟ್ಟಳು. ಡಾಕ್ಟರು ನನ್ನತ್ತ ತಿರುಗಿ ಮೆಲ್ಲಗೆ, "ನಮ್ಮ ಕಡೆ ಹೌದು ಅನ್ನುವುದೇ ಹೀಗೆ" ಎಂದರು.

ಹಡಗಿನಲ್ಲಿದ್ದವರು ಯಾರೂ ನಗಲಿಲ್ಲ. ಬಂಟ್ವಾಳದ ಬಸ್ ನಿಲ್ದಾಣವಾಗಿದ್ದರೆ ಹತ್ತು ಜನ ಬೈಯುತ್ತಿದ್ದರು, ಹನ್ನೊಂದನೆಯವರು ಚಾ ಕುಡಿಸುತ್ತಿದ್ದರು. ಇಲ್ಲಿ ಅಷ್ಟೂ ಜನ ಸುಮ್ಮನೆ ತಮ್ಮ ಜಾಗಗಳಲ್ಲಿ ಕುಳಿತರು. ಆ ಮೌನ ಸಿಟ್ಟೋ ಕ್ಷಮೆಯೋ ನನಗೆ ಇಂದಿಗೂ ಗೊತ್ತಿಲ್ಲ. ಕೋಣೆಗೆ ಬಂದವಳೇ ಮೂಡಬಿದಿರೆಯಲ್ಲಿ ಮೇಷ್ಟ್ರಾಗಿದ್ದ ಅಣ್ಣನಿಗೆ ‘ನಾನು ಬರ್ತೇನೆ’ ಎಂದು ಕಾಗದ ಬರೆದೆ.

ಉತ್ತರ ಬರಲು ಒಂದು ತಿಂಗಳೇ ಹಿಡಿಯಿತು. ಅಷ್ಟರಲ್ಲಿ ರಾಗ್ನ್‌ಹಿಲ್ಡ್‌ಗೆ ಪರೀಕ್ಷೆಯ ಹೊಸ ದಿನ ಗೊತ್ತಾಯಿತು. ಆ ಹುಡುಗಿಯೇ ಜೊತೆಗೆ ಬರಬೇಕೆಂದು ಅವಳು ಹಟ ಹಿಡಿದಳಂತೆ. ದಾರಿಯುದ್ದಕ್ಕೂ ಹಗ್ಗ, ಚಮಚ, ಕಡಲಹಕ್ಕಿ ಒಂದೊಂದನ್ನೇ ತೋರಿಸಿ ಹೆಸರು ಹೇಳಿಸಿದಳು. ಕೊನೆಗೆ ಅವಳೇನೋ ಕೇಳಿದ್ದಕ್ಕೆ ನನಗರಿವಿಲ್ಲದೆ ನಾನೂ ಉಸಿರೆಳೆದೆ. ಅವಳು ತೊಡೆ ತಟ್ಟಿ ನಕ್ಕಳು, ಆಚೀಚೆಯವರಿಗೆಲ್ಲ ಹೇಳಿದಳು. ಆಗ ಜನ ನಕ್ಕರು.

ಮರುವಾರ ನನ್ನ ಕೋಣೆಗೆ ಒಣಮೀನು ತಂದಳು. ನಮ್ಮ ಒಣಮೀನಿಗೆ ಉಪ್ಪೇ ಜೀವ. ಇವರು ಉಪ್ಪನ್ನೇ ಹಾಕದೆ ಗಾಳಿಗೆ ಒಣಗಿಸುತ್ತಾರೆ, ಮೀನು ಕಟ್ಟಿಗೆಯಾಗುತ್ತದೆ. ಅದನ್ನು ಎರಡು ದಿನ ನೆನೆಹಾಕಿ, ಊರಿಂದ ತಂದಿದ್ದ ಮೆಣಸು, ಹುಳಿ ಹಾಕಿ ಸಾರು ಮಾಡಿದೆ. ರಾಗ್ನ್‌ಹಿಲ್ಡ್ ಕಣ್ಣು ಮೂಗು ಒರೆಸಿಕೊಳ್ಳುತ್ತಾ ಎರಡು ಸಲ ಹಾಕಿಸಿಕೊಂಡಳು. ಇಲ್ಲಿಗೆ ಬಂದ ಮೇಲೆ ನಾನು ಇನ್ನೊಬ್ಬರ ಜೊತೆ ಕುಳಿತು ಉಂಡದ್ದು ಅದೇ ಮೊದಲು.

ಆ ಮೇಲೆ ಅಣ್ಣನ ಕಾಗದ ಬಂತು. ‘ಬಾ. ಇಲ್ಲಿ ಒಂದು ಆಸ್ಪತ್ರೆಯಲ್ಲಿ ಕೆಲಸ ಉಂಟು, ಮಾತಾಡಿ ಇಟ್ಟಿದ್ದೇನೆ.’ ಓದಿ ಸಂತೋಷವಾಗಬೇಕಿತ್ತು. ಯಾಕೋ ಆಗಲಿಲ್ಲ. ‘ಒಂದು ವರ್ಷ ನೋಡುವ’ ಎಂದು ಬರೆದೆ. ಆ ಒಂದು ವರ್ಷ ಆರಾಯಿತು.

ಕಳೆದ ವರ್ಷ ರಜೆಯಲ್ಲಿ ಊರಿಗೆ ಹೋದಾಗ, ಅಮ್ಮನ ಜೊತೆ ನೇತ್ರಾವತಿಯ ಆಚೆ ದಡದ ನೆಂಟರ ಮನೆಗೆ ಹೊರಟಿದ್ದೆ. ಹೊಳೆ ದಾಟಿಸುವ ಕಡವಿನಲ್ಲಿ ದೋಣಿಯ ಮೋನಪ್ಪಣ್ಣ ಹುಟ್ಟು ಅಡ್ಡ ಇಟ್ಟು ಕುಳಿತಿದ್ದ. ನಾನು ಎರಡು ಸಲ ಗಡಿಯಾರ ನೋಡಿದೆ.

"ಹೊರಡುವನಾ ಮೋನಪ್ಪಣ್ಣ?"

"ಸ್ವಲ್ಪ ನಿಲ್ಲಿ ಅಕ್ಕ. ಒಬ್ಬರು ಬರ್ಲಿಕ್ಕುಂಟು."

"ನಮ್ಮಲ್ಲಿ ಆದ್ರೆ ಇಷ್ಟೊತ್ತಿಗೆ ಬಿಟ್ಟಾಗ್ತಿತ್ತು."

ಅಮ್ಮ ನನ್ನ ಮುಖ ನೋಡಿದಳು. ಮೋನಪ್ಪಣ್ಣ, ನಿಜವಾಗಿಯೂ ತಿಳಿಯಬೇಕೆಂದೇ, "ನಮ್ಮಲ್ಲಿ ಅಂದ್ರೆ ಯಾವ ಕಡವಿನಲ್ಲಿ ಅಕ್ಕ?" ಎಂದು ಕೇಳಿದ.

ದ್ವೀಪದಲ್ಲಿ ಯಾರಾದರೂ ಓಡಿಬರುತ್ತಿರುವಾಗಲೇ ಹಡಗು ಬಿಟ್ಟುಹೋದರೆ, ‘ನಮ್ಮಲ್ಲಿ ಕಾಯುತ್ತಾರೆ’ ಎಂದು ರಾಗ್ನ್‌ಹಿಲ್ಡ್ ಹತ್ತಿರ ಗೊಣಗುವವಳೂ ನಾನೇ. ಕೈಗಡಿಯಾರವನ್ನು ಸೆರಗಿನಡಿ ಸರಿಸಿಕೊಂಡೆ. ಅಷ್ಟರಲ್ಲಿ ಹೆಂಗಸೊಬ್ಬಳು ಬುಟ್ಟಿ ಹೊತ್ತು ಇಳಿದುಬಂದಳು. ಅವನು ದೋಣಿ ನೂಕಿದ.

ಬುಟ್ಟಿ ಇಳಿಸಿ ಸುಧಾರಿಸಿಕೊಂಡು ಅವಳು ಕೇಳಿದಳು, "ಮಗಳು ಯಾವಾಗ ಬಂದದ್ದು?"

"ಈಗ ಬಂದದ್ದಷ್ಟೆ" ಎಂದಳು ಅಮ್ಮ.

ನಾನು ಬಂದು ಒಂದು ತಿಂಗಳಾಗಿತ್ತು. ಮರುದಿನ ಹೊರಡುವುದಿತ್ತು.