ಗೋಧಿ ತೊಳೆದ ನೀರಿನ ವಾಸನೆ

ಕಲಬುರಗಿಯ ಐವಾನ್-ಎ-ಶಾಹಿ ಅತಿಥಿಗೃಹದ ಹಿಂದಿನ ಓಣಿಯಲ್ಲಿ ಶಾಹಜಾದಿಯ ಮೂಗಿನ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಹಾಲು ಕೆಟ್ಟಿದೆಯೇ, ತುಪ್ಪ ಅಸಲಿಯೇ ಎಂದು ಹೆಂಗಸರು ಡಬ್ಬಿ ಹಿಡಿದುಕೊಂಡು ಅವಳ ಬಾಗಿಲಿಗೇ ಬರುತ್ತಿದ್ದರು. ಅವಳೂ ಕಡಿಮೆಯವಳಲ್ಲ. ಮೂಸಿ, ಮುಖ ಕಿವುಚಿ, "ಯಾವ ಪುಣ್ಯಾತ್ಮ ಇದನ್ನ ತುಪ್ಪ ಅಂತ ಕೊಟ್ಟಾನ?" ಎಂದು ಶುರು ಮಾಡಿದರೆ ಕೊಟ್ಟವನ ವಂಶವನ್ನೆಲ್ಲ ಜಾಲಾಡಿಬಿಡುತ್ತಿದ್ದಳು.

ಮನೆಯ ಕಸುಬು ಸಮನಕ್. ಅಂದರೆ ಗೋಧಿ ನೆನೆಸಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ ಬೀಸಿದ ಹಿಟ್ಟು. ಜಾಯಿಕಾಯಿ ಹಲ್ವಾಕ್ಕೆ ಅದೇ ಜೀವ. ಅದಿಲ್ಲದೆ ಹಾಲು ಸಕ್ಕರೆ ಎಷ್ಟು ಕಾಯಿಸಿದರೂ ಆ ಹದ ಬರುವುದಿಲ್ಲ. ಕೆಲಸವೆಲ್ಲ ನೀರಿನದು. ನೆನೆದ ಗೋಧಿಯ ನೀರನ್ನು ಹೊತ್ತುಹೊತ್ತಿಗೆ ಬಸಿದು, ಹೊಸ ನೀರು ಹಾಕಿ, ಬುಡದ ಕಾಳು ಮೇಲೆ ಬರುವಂತೆ ಕೈಯಾಡಿಸಿ ತೊಳೆಯಬೇಕು. ಪ್ರತಿ ಸಲವೂ ಒಂದು ಹಿಡಿ ಎತ್ತಿ ಮೂಸಬೇಕು. ಹಸಿ ಹುಲ್ಲಿನ ವಾಸನೆ ಬಂದರೆ ಸರಿ. ಮುಗ್ಗಲು ಬಂತೋ, ಮುಗೀತು, ಅಷ್ಟನ್ನೂ ಚೆಲ್ಲಬೇಕು. ಆ ಮುಗ್ಗಲು ಬಿಸಿಲಿಗೂ ಹೋಗುವುದಿಲ್ಲ, ತುಪ್ಪಕ್ಕೂ ಹೋಗುವುದಿಲ್ಲ, ಅದನ್ನು ಹಿಡಿಯುವುದು ಮೂಗೇ ಹೊರತು ಕಣ್ಣಲ್ಲ.

ಅಂಥ ಮೂಗು ಕೊರೊನಾ ಜ್ವರದಲ್ಲಿ ಹೋಯಿತು. ಓಣಿಯಲ್ಲಿ ಎಲ್ಲರಿಗೂ ವಾಸನೆ ವಾಪಸು ಬಂತು, ಶಾಹಜಾದಿಗೆ ಮಾತ್ರ ಬರಲಿಲ್ಲ. ಇಂದು ಬಂದೀತು, ನಾಳೆ ಬಂದೀತು ಎಂದು ಲವಂಗ ಮೂಸಿದಳು, ಅತ್ತರು ಮೂಸಿದಳು, ಕೊನೆಗೆ ಸೀಮೆಎಣ್ಣೆ ಡಬ್ಬಿಯನ್ನೂ ಬಿಡಲಿಲ್ಲ. ಏನೂ ಇಲ್ಲ. ಹೇಳುವುದಾದರೂ ಯಾರಿಗೆ? ಮದುವೆಯಾಗಿ ಬಂದ ದಿನದಿಂದ ಸೊಸೆ ಅಂಬರೀನ್‌ಳನ್ನು, "ನಿನಗ ಮೂಗು ಇರೋದು ನತ್ತು ಹಾಕ್ಕೊಳ್ಳಾಕ ಅಷ್ಟೇ" ಎಂದು ಹಂಗಿಸುತ್ತ ಬಂದವಳು ಇವಳೇ ಅಲ್ಲವೇ! (ಅವರ ಮನೆಮಾತು ದಖನಿ. ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ, ಬೈಗುಳದ ಖಾರ ಕಡಿಮೆಯಾಗಿದ್ದರೆ ಅದು ನನ್ನ ತಪ್ಪು.)

ಅದಕ್ಕೇ ಒಂದು ಉಪಾಯ ಹೂಡಿದಳು. ತೊಳೆದ ಗೋಧಿಯ ಹಿಡಿಯನ್ನು ಮೊದಲು ತಾನು ಮೂಸಿದಂತೆ ಮಾಡುವುದು, ಆಮೇಲೆ ಸೊಸೆಯ ಮೂಗಿಗೆ ಹಿಡಿದು, "ಹೇಳು ನೋಡೋಣ, ಹೆಂಗದ?" ಎಂದು ಕೇಳುವುದು. ಅತ್ತೆ ಕೊನೆಗೂ ಕಸುಬು ಕಲಿಸುತ್ತಿದ್ದಾಳೆ ಎಂದು ಅಂಬರೀನ್ ಹಿಗ್ಗಿದಳು. ಗೋಧಿ ಚೆನ್ನಾಗಿ ಬರುತ್ತಿದ್ದ ವರ್ಷಗಳಲ್ಲಿ ಆಟ ಸಲೀಸಾಗಿ ನಡೆಯಿತು.

ಗೋಧಿ ಬರುತ್ತಿದ್ದುದು ಕಮಲಾಪುರದ ಪುತಳಾಬಾಯಿಯ ಹೊಲದಿಂದ. ಶಾಹಜಾದಿ ಹೊಸ ಮದುಮಗಳಾಗಿದ್ದಾಗ ಅತ್ತೆಯ ಜೊತೆ ಅಲ್ಲಿನ ಸಂತೆಗೆ ಹೋಗಿ, ಪುತಳಾಬಾಯಿಯ ಚೀಲದಿಂದ ಒಂದು ಹಿಡಿ ಎತ್ತಿ ಮೂಸಿ, "ಇದು ಮಳ್ಯಾಗ ತೊಯ್ದದ" ಅಂದಿದ್ದಳು. ಪುತಳಾಬಾಯಿ ಕೆಂಡವಾದಳು. ಆಮೇಲೆ ಚೀಲದ ಬುಡಕ್ಕೆ ಕೈ ಹಾಕಿ, ತೇವ ತಗುಲಿದ್ದೇ ನಕ್ಕುಬಿಟ್ಟಳು. ಅಂದಿನಿಂದ ಇಬ್ಬರೂ ಅಕ್ಕ ತಂಗಿ, ಪುತಳಾಬಾಯಿಯ ಮಗನಿಗೆ ಶಾಹಜಾದಿ ಖಾಲಾ, ಅಂದರೆ ಚಿಕ್ಕಮ್ಮ. ಹೊಸ ಗೋಧಿಯ ಮೊದಲ ಹಲ್ವಾ ಕಮಲಾಪುರಕ್ಕೆ ಹೋಗುತ್ತಿತ್ತು, ಕೆಂಪು ಬಾಳೆಹಣ್ಣು ಅಲ್ಲಿಂದ ಇಲ್ಲಿಗೆ ಬರುತ್ತಿತ್ತು.

ಈ ವರ್ಷ ಪುತಳಾಬಾಯಿಯ ಮಗ ನಿಂಗಣ್ಣ ಫೋನ್ ಮಾಡಿದ. "ಖಾಲಾ, ಅವ್ವಗ ಗಂಟಲದಾಗ ಗಡ್ಡಿ ಆಗ್ಯಾದ. ಡಾಕ್ಟರ್ ಕೈ ಬಿಟ್ಟಾರ. ಏನೂ ತಿನ್ನವಲ್ಲಳು. ಶಾಜಾದಿ ಹಲ್ವಾ ಒಂದು ಚೂರು ಬೇಕು ಅಂತಾಳ."

ಶಾಹಜಾದಿ ಅವತ್ತೇ ಗೋಧಿ ನೆನೆಹಾಕಿದಳು. ಮರುದಿನ ನೀರು ಬಸಿದು ತೊಳೆದು, ಹಿಡಿ ಎತ್ತಿ ಮೂಸಿದಂತೆ ಮಾಡಿ, ಸರಿ ಎಂಬಂತೆ ತಲೆಯಾಡಿಸಿ, ಸೊಸೆಯತ್ತ ಚಾಚಿದಳು. ಅಂಬರೀನ್ ಮೂಸಿದಳು. ಅತ್ತೆಯ ಮುಖ ನೋಡಿದಳು. ಇನ್ನೊಮ್ಮೆ ಮೂಸಿದಳು.

"ಚಲೋ ಅದ, ಅಮ್ಮಿ."

ಮೊಳಕೆ ಬಂತು, ಹಿಟ್ಟಾಯಿತು, ಹಲ್ವಾ ಆಯಿತು. ಶಾಹಜಾದಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದಳು. ಪುತಳಾಬಾಯಿ ಹಾಸಿಗೆಯಲ್ಲಿ ಕಾಣದಷ್ಟು ಸಣ್ಣಗಾಗಿದ್ದಳು. ನಿಂಗಣ್ಣ ಚಮಚದ ತುದಿಯಲ್ಲಿ ತಿನ್ನಿಸಿದ. ಅವಳು ಬಾಯಲ್ಲೇ ಇಟ್ಟುಕೊಂಡಳು. ಬಹಳ ಕಷ್ಟಪಟ್ಟು ನುಂಗಿದಳು.

"ಶಾಜಾದಿ, ಇದು ಮುಗ್ಗ್ಯಾದ."

"ಅವ್ವಾ!" ಎಂದು ನಿಂಗಣ್ಣ ಗದರಿಸಿದ.

"ಸುಮ್ನಿರಪಾ. ಸಾಯೋ ಹೊತ್ತಿನ್ಯಾಗ ಆಕಿ ಮುಂದ ಯಾಕ ಸುಳ್ಳು ಹೇಳ್ಲಿ?" ಪುತಳಾಬಾಯಿ ಗೆಳತಿಯನ್ನೇ ನೋಡುತ್ತಿದ್ದಳು. "ನಿನಗ ವಾಸನಿ ಬರಂಗಿಲ್ಲ, ಹೌದಿಲ್ಲ?"

ಶಾಹಜಾದಿಗೆ ಇಷ್ಟು ವರ್ಷ ತಡೆದಿದ್ದ ಅಳು ಬಂದೇಬಿಟ್ಟಿತು. "ಬರಂಗಿಲ್ಲ ಅಕ್ಕಾ. ಕೊರೊನಾದಾಗ ಹೋತು."

"ಸೊಸಿಗೆ ಹೇಳೀದಿ?"

"ಇಲ್ಲ."

"ಹೇಳು. ಮತ್ತ ಮಾಡ್ಕೊಂಡು ಬಾ. ಅಲ್ಲೀತನ ನಾ ಇರ್ತೀನಿ."

ಶಾಹಜಾದಿ ಮನೆಗೆ ಬಂದು, ಬುರ್ಖಾ ಸಹ ತೆಗೆಯದೆ ಹೇಳಿಬಿಟ್ಟಳು. ಅಂಬರೀನ್ ಬಿಳಿಚಿಕೊಂಡಳು. "ನನಗ ಮುಗ್ಗಲು ಬಂದಿತ್ತು, ಅಮ್ಮಿ. ನೀವು ಮೂಸಿ ತಲಿ ಆಡಿಸಿದ್ರಿ. ಹಂಗಾದ್ರ ನನ್ನ ಮೂಗೇ ಸುಳ್ಳು ಅಂದ್ಕೊಂಡೆ."

"ಬಾಯಿ ಬಿಡಾಕ ಏನಾಗಿತ್ತು ನಿನಗ!" ಎಂದು ಶಾಹಜಾದಿ ಸಿಡುಕಿದಳು. ಸಿಡುಕಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಈ ಹುಡುಗಿಯ ಬಾಯಿ ಕಟ್ಟಿದವರು ಯಾರು ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ತೊಳೆಯುವುದರಲ್ಲೇ ಎಲ್ಲೋ ತಪ್ಪಿರಬೇಕೆಂದು ಅದೇ ಚೀಲದ ಗೋಧಿಯನ್ನು ಮತ್ತೆ ನೆನೆಹಾಕಿದರು. ಈ ಸಲ ಅತ್ತೆ ಮೂಸುವ ನಾಟಕ ಮಾಡಲಿಲ್ಲ, ನೀರು ಹೊಯ್ದು ತೊಳೆದು ಪಾತ್ರೆಯನ್ನು ಸೊಸೆಯ ಮುಂದೆ ಸರಿಸಿದಳು. ಅಷ್ಟರಲ್ಲಿ ನಿಂಗಣ್ಣನ ಫೋನ್ ಬಂದಿತ್ತು, ಅವ್ವನಿಗೆ ಗಂಜಿಯೂ ಸೇರುತ್ತಿಲ್ಲವಂತೆ. ಅಂಬರೀನ್ ಮೂಸಿದಳು.

"ಚೆಲ್ರಿ ಅಮ್ಮಿ."

"ಇನ್ನೊಂದು ಸಲ ತೊಳದ್ರ ಹೋಗ್ತದೇನೋ..." ಜನ್ಮದಲ್ಲಿ ಆಡದ ಮಾತು ಶಾಹಜಾದಿಯ ಬಾಯಿಂದ ಬಂತು. ಚೆಲ್ಲಿದರೆ ಮತ್ತೆ ಮೊದಲಿಂದ ಶುರು ಮಾಡಬೇಕು, ಅಲ್ಲಿ ಅಕ್ಕ ಕಾಯಬೇಕು.

ಅಂಬರೀನ್ ಚೀಲದ ಬುಡಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದಳು. "ಇದು ಮಳ್ಯಾಗ ತೊಯ್ದದ, ಅಮ್ಮಿ. ಎಷ್ಟು ತೊಳದ್ರೂ ಹೋಗಂಗಿಲ್ಲ."

ಗೋಧಿ ಇಟ್ಟ ಕೋಣೆಯ ಮೂಲೆ ಮಳೆಗೆ ಸೋರಿ ಚೀಲದ ಬುಡ ಒದ್ದೆಯಾಗಿತ್ತು. ಶಾಹಜಾದಿ ಸೊಸೆಯನ್ನು ಒಂದು ಗಳಿಗೆ ನೋಡಿದಳು. ಪಾತ್ರೆ ಎತ್ತಿಕೊಂಡು ಹೋಗಿ ಬೇವಿನ ಮರದ ಬುಡಕ್ಕೆ ಸುರಿದು ಬಂದಳು. ಬೇರೆ ಚೀಲ ಬಿಚ್ಚಿದರು. ಈ ಸಲ ಪ್ರತಿ ನೀರಿಗೂ ಅಂಬರೀನ್ "ಹಸಿ ಹುಲ್ಲು, ಅಮ್ಮಿ" ಅಂದಳು, ಶಾಹಜಾದಿ ನಂಬಿದಳು.

ಇಬ್ಬರೂ ಕಮಲಾಪುರಕ್ಕೆ ಹೋದಾಗ ಪುತಳಾಬಾಯಿಯ ಮನೆ ತುಂಬ ಬಂಧುಗಳಿದ್ದರು. ನಿಂಗಣ್ಣ ಬಾಗಿಲಲ್ಲೇ ತಡೆದ. "ತಡ ಆತು ಖಾಲಾ. ಈಗ ನೀರೂ ಇಳಿಯವಲ್ಲದು."

ಶಾಹಜಾದಿ ಡಬ್ಬಿಯನ್ನು ಬುರ್ಖಾದ ಮರೆಗೆ ಸರಿಸಿದಳು. ಆದರೆ ಹಾಸಿಗೆಯಿಂದ ಕೈ ಎದ್ದಿತು, ತಾ ಎಂದು ಸನ್ನೆ ಮಾಡಿತು. ಶಾಹಜಾದಿ ಪಕ್ಕದಲ್ಲಿ ಕೂತು ಮುಚ್ಚಳ ತೆಗೆದು ಅವಳ ಮೂಗಿನ ಹತ್ತಿರ ಹಿಡಿದಳು. ಪುತಳಾಬಾಯಿ ಉಸಿರನ್ನು ನಿಧಾನವಾಗಿ ಒಳಗೆಳೆದುಕೊಂಡಳು.

"ಚಲೋ ಬಂದದ," ಎಂದಳು. ದನಿ ಕಿವಿಗೊಟ್ಟರಷ್ಟೇ ಕೇಳಿಸುವಂತಿತ್ತು. "ಯಾರ ಮೂಗು?"

ಇಡೀ ಮನೆ ಕೇಳಿಸಿಕೊಳ್ಳುತ್ತಿತ್ತು. ಶಾಹಜಾದಿ ಅಂಬರೀನ್‌ಳ ಕೈ ಹಿಡಿದು ಮುಂದಕ್ಕೆಳೆದಳು. "ಇಕಿದು ಅಕ್ಕಾ. ನನ್ನ ಸೊಸಿದು. ನಂದು ಹೋಗ್ಯಾದ."

"ನೀ ತಿನ್ನು. ನಾ ವಾಸನಿ ನೋಡ್ತೀನಿ."

ಶಾಹಜಾದಿ ಒಂದು ಚೂರು ಬಾಯಿಗಿಟ್ಟಳು. ನಾಲಿಗೆಗೆ ಸಿಕ್ಕಿದ್ದು ಬರೀ ಸಿಹಿ, ಅದರ ಜೊತೆ ಕಣ್ಣೀರಿನ ಉಪ್ಪು.

"ಏನ್ ವಾಸನಿ ಬರ್ತದ ಅಕ್ಕಾ?"

"ತುಪ್ಪ," ಎಂದಳು ಪುತಳಾಬಾಯಿ. ಬಹಳ ಹೊತ್ತಿನ ಮೇಲೆ, "ಜಾಯಿಕಾಯಿ," ಎಂದಳು. ಆಮೇಲೆ ಕಣ್ಣು ಮುಚ್ಚಿಕೊಂಡು, "ನಮ್ಮ ಹೊಲ," ಎಂದಳು.

ಶಾಹಜಾದಿ ಇನ್ನೊಂದು ಚೂರು ಮುರಿದುಕೊಂಡಳು.