ಚಿಕ್ಕಪ್ಪನ ಹಾಡಿನ ಹಳೆಯ ವಿಳಾಸ

ಮದ್ದೂರಿನ ನಾಟಕದ ಮೇಷ್ಟ್ರೊಬ್ಬರ ಹಳೆಯ ವೆಬ್‌ಸೈಟನ್ನು ಹೊಸದಕ್ಕೆ ಸಾಗಿಸುವ ಕೆಲಸ ನನಗೆ ಬಂದಿತ್ತು. ಮೇಷ್ಟ್ರು ಸುತ್ತಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವವರು. ಹಾರ್ಮೋನಿಯಂ ನುಡಿಸುತ್ತಾ ಪಾತ್ರದ ಹಾಡನ್ನು ತಾವೇ ಹಾಡಿ, ಸೈಟಿಗೆ ಹಾಕಿ, ಲಿಂಕನ್ನು ಪಾತ್ರಧಾರಿಯ ವಾಟ್ಸಾಪಿಗೆ ಕಳಿಸುತ್ತಾರೆ. ಅವನು ಗದ್ದೆಗೆ ನೀರು ಕಟ್ಟುತ್ತಲೋ, ಹಾಲಿನ ಡೈರಿಯ ಮುಂದೆ ನಿಂತೋ ಅದನ್ನು ಒತ್ತಿ ಕೇಳಿ ಕಲಿಯುತ್ತಾನೆ.

ಸೈಟು ಹೊಸದಾದರೂ ಜನರ ಫೋನಿನಲ್ಲಿರುವುದು ಹಳೆಯ ಲಿಂಕೇ. ಹಾಗಾಗಿ ಒಂದೊಂದು ಹಳೆಯ ವಿಳಾಸಕ್ಕೂ ಹೊಸ ಪುಟ ಯಾವುದೆಂದು ಹೊಂದಿಸಿಡಬೇಕು. ಒತ್ತಿದವರಿಗೆ ಸೈಟು ಬದಲಾದದ್ದೇ ಗೊತ್ತಾಗಬಾರದು. ನಾನು ಬಳಸಿದ ಸಾಫ್ಟ್‌ವೇರು ಒಂದೇ ಶೀರ್ಷಿಕೆಯ ಪುಟಗಳನ್ನೆಲ್ಲ ಗುಡ್ಡೆ ಹಾಕಿ, ಒಂದನ್ನು ಉಳಿಸಿಕೊಂಡು, ಮಿಕ್ಕ ವಿಳಾಸಗಳನ್ನೂ ಅದಕ್ಕೇ ತಿರುಗಿಸಿತು. ಅದೇ ಹಾಡು, ಅದೇ ದನಿ. ಮೇಷ್ಟ್ರಿಗೆ ಹಾಕಿದ್ದನ್ನೇ ಹಾಕುವ ಚಾಳಿ ಎಂದು ನಕ್ಕು ಸುಮ್ಮನಾದೆ.

ಆತಗೂರಿನ ನಮ್ಮ ಚಿಕ್ಕಪ್ಪನಿಗೆ ಆ ಸಲ ಇದೇ ಮೇಷ್ಟ್ರ ನಾಟಕದಲ್ಲಿ ಮೊದಲ ಬಾರಿಗೆ ರಾಜನ ಪಾರ್ಟು ಸಿಕ್ಕಿತ್ತು. ಅದುವರೆಗೆ ಅವರ ಪಾಲಿಗೆ ಬಂದದ್ದೆಲ್ಲ ಬಾಗಿಲು ಕಾಯುವ ಭಟನ ಪಾತ್ರ. ಈಟಿ ಹಿಡಿದು ನಿಂತು ಕಾಲು ನೋಯಿಸಿಕೊಂಡದ್ದಷ್ಟೇ ಬಂತು. ಮೇಷ್ಟ್ರು ಮಳವಳ್ಳಿ ಕಡೆಯ ಇನ್ನೊಂದು ನಾಟಕ ಮುಗಿಸಿ ಬರುವವರೆಗೆ ತಾಲೀಮು ಇರಲಿಲ್ಲ. ಅಲ್ಲಿಯವರೆಗೆ ಫೋನಿನ ಹಾಡೇ ಗುರು.

ಒಂದು ಭಾನುವಾರ ಮಂಡ್ಯದಿಂದ ಹೋದರೆ ಚಿಕ್ಕಪ್ಪ ಜಗಲಿಯ ಮೇಲೆ ಮೆಣಸಿನ ಕಷಾಯ ಹಿಡಿದು ಕೂತಿದ್ದರು. ಯಾವತ್ತೂ ನನ್ನನ್ನು ಕಿಚಾಯಿಸದೆ ಬಿಡದ ಮನುಷ್ಯ ಅಂದು ಲೋಟದಿಂದ ಕಣ್ಣೆತ್ತಲಿಲ್ಲ. ಚಿಕ್ಕಮ್ಮನೇ ಹೇಳಿದರು: ಕೆಲವು ದಿನಗಳಿಂದ ಹಾಡು ಎಟುಕುತ್ತಿಲ್ಲವಂತೆ, ಬೀಡಿ ಬಿಟ್ಟರಂತೆ, ಪ್ರಾಣಕ್ಕಿಂತ ಹೆಚ್ಚಾದ ಮಜ್ಜಿಗೆ ಬಿಟ್ಟರಂತೆ, ಇನ್ನು ಪಾರ್ಟನ್ನೂ ಬಿಡುತ್ತಾರಂತೆ.

"ವಯಸ್ಸಾಯ್ತು ಕಣ್ಲಾ, ಗಂಟ್ಲು ಓಯ್ತು. ಸಂಜೆ ಮೇಷ್ಟ್ರಿಗೆ ಫೋನ್ ಮಾಡಿ ಯೋಳ್ಬುಡ್ತೀನಿ, ಬ್ಯಾರೆ ಯಾರ್ಗಾರಾ ಕೊಟ್ಕಳ್ಲಿ," ಎಂದರು ಚಿಕ್ಕಪ್ಪ.

ಒಂದು ಸಲ ಹಾಡಿ ತೋರಿಸಿ ಎಂದು ನಾನು ಪಟ್ಟು ಹಿಡಿದೆ. ಅವರು ಲಿಂಕು ಒತ್ತಿದರು. ಮೇಷ್ಟ್ರ ದನಿ ಹರೆಯದ ಹುಡುಗರಿಗೆ ಮಾತ್ರ ಎಟುಕುವಷ್ಟು ಮೇಲೇರಿತು. ಹಿಂಬಾಲಿಸಿದ ಚಿಕ್ಕಪ್ಪನ ದನಿ ನಡುವೆಯೇ ಒಡೆಯಿತು. ಅವರು ಫೋನನ್ನು ಬೋರಲು ಹಾಕಿ ಬೀದಿಯ ಕಡೆ ನೋಡಿದರು. ಗುಡ್ಡೆ ಹಾಕಿದ್ದ ಪುಟಗಳು ನೆನಪಾಗಿ ನಾನು ಬ್ಯಾಗಿಗೆ ಕೈ ಹಾಕಿದೆ.

ಹಳೆಯ ಸೈಟಿನ ಪ್ರತಿ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಚಿಕ್ಕಪ್ಪನ ಲಿಂಕಿಗೆ ಮೊದಲು ಇದ್ದ ಪುಟ ತೆಗೆದೆ. ಅದೇ ಹಾಡು, ಆದರೆ ಶ್ರುತಿ ತಗ್ಗಿನಲ್ಲಿತ್ತು. ಪಕ್ಕದ ಪುಟದಲ್ಲಿ ಇನ್ನೊಂದು ಶ್ರುತಿ, ಅದರ ಪಕ್ಕ ಮತ್ತೊಂದು. ಮೇಷ್ಟ್ರು ಹಾಕಿದ್ದನ್ನೇ ಹಾಕಿರಲಿಲ್ಲ. ಒಬ್ಬೊಬ್ಬರ ಗಂಟಲು ನೋಡಿ ಒಂದೊಂದು ಸಲ ಹಾಡಿದ್ದರು. ಚಿಕ್ಕಪ್ಪ ಇಷ್ಟು ದಿನ ಯಾವನೋ ಹುಡುಗನ ಶ್ರುತಿಗೆ ಗಂಟಲು ಹರಿದುಕೊಂಡಿದ್ದರು.

ಜಗಲಿಯಲ್ಲೇ ಕೂತು ಆ ವಿಳಾಸಗಳನ್ನೆಲ್ಲ ಬಿಡಿಸಿ, ಅವರವರ ಹಾಡಿಗೆ ತಿರುಗಿಸಿದೆ. ಚಿಕ್ಕಮ್ಮ ಊಟಕ್ಕೆ ಕರೆದು ಕರೆದು ಸಾಕಾದರು. ಮುಗಿದ ಮೇಲೆ ಮತ್ತೆ ಒತ್ತಿ ಎಂದೆ. ಚಿಕ್ಕಪ್ಪ ಅರೆಮನಸ್ಸಿನಿಂದಲೇ ಶುರು ಮಾಡಿ, ದನಿ ಒಡೆದ ಜಾಗ ದಾಟಿ, ಕೊನೆಯವರೆಗೂ ಹೋದರು. ತಪ್ಪು ನಿಮ್ಮದಲ್ಲ, ಸೈಟು ಸಾಗಿಸಿದ ನನ್ನದು ಎಂದು ಬಿಡಿಸಿ ಹೇಳಿದೆ.

"ಅಂಗಾರೆ ನನ್ ಗಂಟ್ಲು ಓಗಿರ್ನಿಲ್ವೇನ್ಲಾ?"

ಇಲ್ಲ ಎಂದೆ. ಬೈಯುತ್ತಾರೆಂದು ಕಾದೆ, ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. ಚಿಕ್ಕಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡು, ಉಳಿದ ಕಷಾಯವನ್ನು ಅಂಗಳಕ್ಕೆ ಚೆಲ್ಲಿ, ಒಂದು ಚೊಂಬು ಮಜ್ಜಿಗೆ ತರಲು ಚಿಕ್ಕಮ್ಮನಿಗೆ ಕೂಗಿ ಹೇಳಿದರು.