ಪಾಣಿ ಖರಾಬ್

ಮನೆ ನೋಡಲು ಹೋದರೆ ನಮ್ಮ ಮೂವರ ಕಣ್ಣೂ ಮೂರು ಕಡೆ. ನಮ್ಮವರು ಗೋಡೆ ಬಡಿದು, ಜಂತಿಗೆ ಗೆದ್ದಲು ಹತ್ತಿದೆಯೇ ಎಂದು ತಲೆಯೆತ್ತಿ ನೋಡಿ, ನಳ ತಿರುಗಿಸಿ, "ಅಡ್ಡಿ ಇಲ್ಲ" ಎನ್ನುತ್ತಾರೆ. ಅವರಿಗೆ ಈ ಜಗತ್ತಿನಲ್ಲಿ ಯಾವುದಕ್ಕೂ ಅಡ್ಡಿಯಿಲ್ಲ. ನಾನು ಗೋಡೆಯ ತಂಟೆಗೆ ಹೋಗುವವಳಲ್ಲ, ನನಗೆ ಕಾಗದಪತ್ರ ಬೇಕು. ಅತ್ತೆಗೆ ಅವೆರಡೂ ಬೇಡ. ಅವರು ಸೀದಾ ಅಡುಗೆಮನೆಗೆ ಹೋಗಿ ನೆಲ ನೋಡುತ್ತಾರೆ.

ನೆಲ ಏಕೆಂದರೆ, ರುಬ್ಬುವ ಒಳಕಲ್ಲಿಗಾಗಿ. ಅತ್ತೆ ಮದುವೆಯಾಗಿ ಬಂದಾಗ ತವರಿನಿಂದ ಬಂಡಿಯಲ್ಲಿ ಜೊತೆಗೆ ಬಂದ ಕಲ್ಲು ಅದು. ಅದನ್ನು ನೆಲದಲ್ಲಿ ಹೂಳಬೇಕು, ಬಾಯಿಯಷ್ಟೇ ಮೇಲೆ ಕಾಣಬೇಕು. ಬಾಡಿಗೆ ಮನೆಯ ನೆಲ ಅಗೆಯಲು ಯಾರು ಬಿಡುತ್ತಾರೆ? ಹೀಗಾಗಿ ಮುಂಡಗೋಡದಲ್ಲಿ ನಾಲ್ಕು, ನನಗೆ ವರ್ಗವಾದ ಮೇಲೆ ಹಳಿಯಾಳದಲ್ಲಿ ಎರಡು, ಒಟ್ಟು ಆರು ಮನೆಗಳಲ್ಲಿ ಅದು ಬಚ್ಚಲ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದುಕೊಂಡಿತ್ತು. ಪ್ರತಿ ಸಲ ಮನೆ ಬದಲಿಸುವಾಗಲೂ ಅದನ್ನು ಎತ್ತುವವರು ಗೊಣಗುತ್ತಿದ್ದರು, ಅತ್ತೆ ಕೇಳಿಯೂ ಕೇಳದವರಂತೆ ನಿಂತಿರುತ್ತಿದ್ದರು. "ಮಿಕ್ಸರ್ ಐತಲ್ರಿ ಅತ್ತಿ, ಇದನ್ನ ಯಾರಿಗರ ಕೊಟ್ಟಬಿಡೂಣು" ಎಂದು ನಾನೊಮ್ಮೆ ಹೇಳಿದ್ದೆ. ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, "ನಾನೂ ಅದರಂಗ ನೋಡವಾ, ಹೊತಗೊಂಡ ತಿರಗಾಡ್ತೀರಿ" ಎಂದರು. ಆಮೇಲೆ ನಾನು ಆ ಮಾತು ಎತ್ತಲಿಲ್ಲ. ಈ ಸಲ ಮನೆ ಕೊಂಡೇ ತೀರಬೇಕೆಂದು ನಾನು ಹಠ ಹಿಡಿದದ್ದು ಆ ಮಾತಿನಿಂದಲೇ.

ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ತಾಲ್ಲೂಕು ಕಚೇರಿಯಲ್ಲಿ ಜಮೀನಿನ ಪಹಣಿ ಕೊಡುವ ಕಿಟಕಿಯ ಹಿಂದೆ ಕುಳಿತೇ ನನ್ನ ಅರ್ಧ ಆಯುಷ್ಯ ಕಳೆದಿದೆ. ನಮ್ಮ ಕಡೆಯ ರೈತರು ಪಹಣಿ ಎಂದು ಪೂರ್ತಿ ಹೇಳುವುದಿಲ್ಲ. "ಅಕ್ಕಾರ, ಪಾಣಿ ತಗದ ಕೊಡ್ರಿ" ಎನ್ನುತ್ತಾರೆ. ದಿನಕ್ಕೆ ನೂರು ಸಲ ಕೇಳಿ ಕೇಳಿ ನನ್ನ ಬಾಯಲ್ಲೂ ಅದು ಪಾಣಿಯೇ ಆಗಿದೆ.

ಆ ಮನೆ ಹಳಿಯಾಳದ ಅಂಚಿನಲ್ಲಿತ್ತು. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಹಿತ್ತಲಲ್ಲಿ ಒಂದು ಪೇರಲ ಗಿಡ. ಮಾಲೀಕರು ನಿವೃತ್ತ ಮಾಸ್ತರು. ಧಾರವಾಡದಲ್ಲಿರುವ ಮಗಳ ಮನೆಯ ಹತ್ತಿರ ಹೋಗುವವರಿದ್ದರು. ಹಿತ್ತಲಲ್ಲಿ ದೊಡ್ಡದೊಂದು ಹಾಸುಗಲ್ಲಿನ ಮೇಲೆ ಕುಳಿತು ಅವರ ಕಾಗದಪತ್ರಗಳನ್ನೆಲ್ಲ ಒಂದೊಂದಾಗಿ ಓದಿದೆ. ತಪ್ಪು ಹುಡುಕಿ ಹುಡುಕಿ ಸಿಗದೆ ಸ್ವಲ್ಪ ನಿರಾಸೆಯೂ ಆಯಿತು, ಸುಳ್ಳೇಕೆ ಹೇಳಲಿ.

ಓಣಿಯನ್ನು ನೋಡಲೆಂದೇ ಮತ್ತೊಂದು ಸಲ ಹೋದೆ. ಕಬ್ಬಿನ ಟ್ರ್ಯಾಕ್ಟರುಗಳು ಯಾವ ರಸ್ತೆಯಲ್ಲಿ ಹಾಡು ಹಾಕಿಕೊಂಡು ಹೋಗುತ್ತವೆ, ಗಟಾರದ ನೀರು ಎತ್ತ ಹರಿಯುತ್ತದೆ ಎಂದೆಲ್ಲ ನೋಡುತ್ತ ನಿಂತಾಗ ಹೊತ್ತಲ್ಲದ ಹೊತ್ತಿನಲ್ಲಿ ನಾಲ್ಕು ಹನಿ ಬಿತ್ತು. ಎದುರು ಮನೆಯಂಗಳದಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಆ ಮನೆಗೆ ಬೀಗ. ಪಕ್ಕದ ಮನೆಯ ಹೆಂಗಸು ಒಲೆಯ ಮುಂದಿನಿಂದ ಹಾಗೇ ಎದ್ದು ಓಡಿ ಬಂದು, ಚಾಪೆಯ ನಾಲ್ಕು ಮೂಲೆ ಹಿಡಿದು ಅಷ್ಟನ್ನೂ ತನ್ನ ಪಡಸಾಲೆಗೆ ಎಳೆದುಕೊಂಡಳು. ನಾನು ಮನಸ್ಸಿನಲ್ಲೇ ಓಣಿಯನ್ನು ಪಾಸು ಮಾಡಿದೆ. ಸೋಮವಾರ ಸಂಚಕಾರದ ಮುಂಗಡ ಕೊಟ್ಟು ಮಾತು ಗಟ್ಟಿ ಮಾಡಿಕೊಳ್ಳುವುದೆಂದು ನಿಶ್ಚಯವಾಯಿತು.

ಶನಿವಾರ ಸಂಜೆ ಕಚೇರಿಯಿಂದ ಬರುತ್ತ ಸುಮ್ಮನೆ ಆ ಕಡೆ ಹಾದುಬಂದೆ. ಆಗಲೇ ನನ್ನದು ಅನ್ನಿಸತೊಡಗಿದ್ದ ಮನೆಯಲ್ಲವೇ. ಪಕ್ಕದ ಕಟ್ಟೆಯ ಮೇಲೆ ಒಬ್ಬ ಮುದುಕಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಮ್ಮ ಜಿಲ್ಲೆಯದೇ ಗಡಿಯೂರು ರಾಮನಗರದ ಕಡೆಯವರು, ಮೆಣಸಿನಕಾಯಿ ಎತ್ತಿಟ್ಟ ಹೆಂಗಸಿನ ತಾಯಿ. ಮಾತು ಅರ್ಧ ಮರಾಠಿ, ಅರ್ಧ ಕನ್ನಡ.

"ಘರ ಘೇತಾಯ ಕಾ?" ಎಂದು ಕೇಳಿದರು. ಮನೆ ತಗೊಳ್ಳುತ್ತೀಯಾ ಎಂದು.

"ಹೌದ್ರಿ ಆಯಿ."

"ಘರ ಚಾಂಗ್ಲ ಐತಿ ತಂಗಿ," ಮನೆಯೇನೋ ಚೆನ್ನಾಗಿದೆ ಎಂದರು. ಬೆಳ್ಳುಳ್ಳಿ ಹಿಡಿದ ಕೈಯನ್ನು ಹಿತ್ತಲ ಕಡೆ ಬೀಸಿದರು. "ಆದ್ರ ಪಾಣಿ ಖರಾಬ್."

ಪಹಣಿಯಲ್ಲಿ 'ಖರಾಬು' ಎಂದೇ ಒಂದು ಅಂಕಣವಿದೆ. ಸಾಗುವಳಿಗೆ ಬಾರದ ಜಾಗವನ್ನು ಅಲ್ಲಿ ಬರೆಯುತ್ತಾರೆ. ಅದರಲ್ಲೇ ಒಂದು ಬಗೆ, ಹಳ್ಳಕ್ಕೋ ದಾರಿಗೋ ಬಿಟ್ಟ ಸರ್ಕಾರಿ ಜಾಗ. ಅದನ್ನು ಮಾರುವ ಹಾಗೂ ಇಲ್ಲ, ಕೊಳ್ಳುವ ಹಾಗೂ ಇಲ್ಲ. ತಿಳಿಯದೆ ಅಂಥ ಜಾಗದ ಮೇಲೆ ಮನೆ ಕೊಂಡವರು ನನ್ನ ಕಿಟಕಿಯ ಮುಂದೆ ನಿಂತು ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ಅಲ್ಲೇ ನಿಂತು ಮೊಬೈಲಿನಲ್ಲಿ ಆ ಬಡಾವಣೆಯ ಮೂಲ ಜಮೀನಿನ ಹಳೆಯ ಪಹಣಿ ತೆಗೆದೆ. ಖರಾಬಿನ ಅಂಕಣ ಖಾಲಿ ಇರಲಿಲ್ಲ. ಒಂದಷ್ಟು ಗುಂಟೆ ಜಾಗ ಖರಾಬು ಎಂದಿತ್ತು. ಅದು ಆ ಜಮೀನಿನ ಯಾವ ಮೂಲೆಯಲ್ಲಿದೆ ಎಂಬುದು ನಕ್ಷೆಯಲ್ಲಿ ಮಾತ್ರ ತಿಳಿಯುತ್ತದೆ. ಮುದುಕಿಯ ಕೈಯಂತೂ ಹಿತ್ತಲನ್ನೇ ತೋರಿಸಿತ್ತು.

ಕಾಗದಪತ್ರದಲ್ಲಿ ಪುಲಿ ಎಂದು ಮೆರೆಯುತ್ತಿದ್ದ ನನಗೆ ಬೆಳ್ಳುಳ್ಳಿ ಸುಲಿಯುವ ಆಯಿಗೆ ತಿಳಿದದ್ದು ತಿಳಿಯಲಿಲ್ಲವಲ್ಲ! ಸಿಟ್ಟು ಬಂತು, ನಾಚಿಕೆಯೂ ಆಯಿತು. ಮನೆಗೆ ಬಂದರೆ ಅತ್ತೆ ಒಳಕಲ್ಲನ್ನು ನಮ್ಮವರಿಂದ ಅಂಗಳಕ್ಕೆ ಎತ್ತಿಸಿ, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೊಳೆದು, ನೆಟ್ಟಗೆ ನಿಲ್ಲಿಸಿದ್ದರು. ಅದು ನೆಟ್ಟಗೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. "ಸೋಮವಾರ ಹೋದಾಗ ಒಲಿಯಿಂದ ಎಷ್ಟ ದೂರ ಅಂತ ಅಳತಿ ತಗೊಂಡ ಬರೂಣು" ಎಂದರು. ನನಗೆ ಅಳು ಬಂತು. ಚಹಾಕ್ಕೆ ನೀರಿಡುವ ನೆವದಲ್ಲಿ ಒಳಗೆ ಹೋದೆ. ಯಾರಿಗೂ ಏನೂ ಹೇಳಲಿಲ್ಲ.

ಭಾನುವಾರ ಬೆಳಗ್ಗೆ ಮಾಸ್ತರ ಮುಂದೆ ಹೋಗಿ ನಿಂತೆ. ಅವರು ಬಸಿಯಲ್ಲಿ ಚಹಾ ಆರಿಸುತ್ತಿದ್ದರು. ಕೂತುಕೊಳ್ಳಿ ಎನ್ನುವುದಕ್ಕೂ ಬಿಡಲಿಲ್ಲ ನಾನು.

"ಮಾಸ್ತರ, ಪಾಣಿ ಖರಾಬ್ ಐತಿ ಅಂತ ನಮಗ ಯಾಕ ಹೇಳಲಿಲ್ಲ?"

ಅವರು ಬಸಿ ಕೆಳಗಿಟ್ಟರು. ಮುಖ ಸಣ್ಣದಾಯಿತು. "ಹೇಳೂದ ಮರತ್ನಿರಿ ಅಕ್ಕಾರ. ಖರಾಬ್ ಐತಿ, ಖರೇ ಮಾತು."

"ಯಾವಾಗಿಂದ ಗೊತ್ತೈತಿ?"

"ಮನಿ ಕಟ್ಟಿದ ವರ್ಷನ ಗೊತ್ತಾತ್ರಿ."

"ಗೊತ್ತಿದ್ದೂ ಸುಮ್ಮ ಕುಂತ್ರೇನು?"

"ಸುಮ್ಮ ಎಲ್ಲಿ ಕುಂತೇವ್ರಿ? ಮುಚ್ಚಿಬಿಟ್ಟೇವಲ್ಲ."

ಮುಚ್ಚಿಬಿಟ್ಟೇವಲ್ಲ! ಎಷ್ಟು ಸಲೀಸಾಗಿ ಹೇಳುತ್ತಾರೆ ನೋಡಿ. ನನ್ನ ದನಿ ಓಣಿಗೆಲ್ಲ ಕೇಳಿಸಿರಬೇಕು. "ಮುಚ್ಚಾಕ ನಿಮಗೇನ ಹಕ್ಕೈತ್ರಿ? ಸರ್ಕಾರದ್ದದು!"

ಮಾಸ್ತರಿಗೂ ಈಗ ಸಿಟ್ಟು ಬಂತು. "ಸರ್ಕಾರದ್ದ ಹೆಂಗಾಕ್ಕೈತ್ರಿ? ನಾ ನಿಂತ ತೋಡಿಸಿದ್ದು. ಹುಡುಗೂರು ಬೀಳಬಾರದಂತ ನಾನ ಹಾಸಗಲ್ಲ ಹಾಕಿ ಮುಚ್ಚಿಸೇನಿ!"

ಪಹಣಿಯನ್ನು ಯಾರೂ ತೋಡಿಸುವುದಿಲ್ಲ. ಪಹಣಿಯಲ್ಲಿ ಹುಡುಗರು ಬೀಳುವುದೂ ಇಲ್ಲ.

"ಏನ ತೋಡಿಸಿದ್ರಿ?"

"ಬಾಂವಿ! ಮತ್ತೇನ? ನೀವ ಕೇಳಿದ್ದ ಬಾಂವಿ ಪಾಣಿ ಅಲ್ಲೇನು?"

ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಅದೇ ಹಾಸುಗಲ್ಲು. ಬಾವಿಯ ಮೇಲೆಯೇ ಕುಳಿತು ನಾನು ಅವರ ಕಾಗದಗಳಲ್ಲಿ ತಪ್ಪು ಹುಡುಕಿದ್ದೆ. ಅದರ ಅಂಚಿನ ಸಣ್ಣ ಕಲ್ಲೊಂದನ್ನು ಸರಿಸಿ ಹಗ್ಗ ಬಿಟ್ಟು ಒಂದು ತಂಬಿಗೆ ನೀರು ತೆಗೆದರು. ತುಕ್ಕಿನ ಬಣ್ಣ, ತುಕ್ಕಿನ ವಾಸನೆ. "ಅರಬಿ ಒಗದ್ರ ಕಾವಿ ಆಗತಾವ್ರಿ. ಅದಕ್ಕ ನಳದ ನೀರಿನ್ಯಾಗ ನಡಸೇವಿ" ಎಂದರು. ಸುತ್ತ ನಾಲ್ಕು ಮನೆಯ ಮರಾಠಿ ಕೇಳಿ ಕೇಳಿ ಅವರಿಗೆ ಪಾಣಿ ಎಂದರೆ ನೀರು. ರಾಮನಗರದ ಆಯಿಗಂತೂ ಪಾಣಿ ಎಂದರೆ ಹುಟ್ಟಿದಾಗಿನಿಂದ ನೀರು. ಈ ಮೂವರಲ್ಲಿ ಅದನ್ನು ಕಾಗದ ಮಾಡಿದವಳು ನಾನೊಬ್ಬಳೇ.

ಹೋದ ಜೀವ ಬಂದಂತಾಯಿತು. ಕೆಟ್ಟ ನೀರಿಗೆ ನಳವುಂಟು, ಕೆಟ್ಟ ಜಾಗಕ್ಕೆ ಏನುಂಟು? ಆ ಕೆಂಪು ನೀರನ್ನು ಕಂಡು ಅಷ್ಟು ಸಂತೋಷಪಟ್ಟವರು ಆ ಓಣಿಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ನಾನು ಅಂದುಕೊಂಡದ್ದನ್ನು ಹೇಳಿದಾಗ ಮಾಸ್ತರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವ ತನಕ ನಕ್ಕರು. ನಾನೂ ನಕ್ಕೆ, ನಗುತ್ತ ನಗುತ್ತ ಎಲ್ಲಿ ಅಳುತ್ತೇನೋ ಎಂದು ಹೆದರಿ ಸುಮ್ಮನಾದೆ.

ಹಾಗೆಂದು ನಾನು ನಕ್ಷೆ ನೋಡದೆ ಬಿಟ್ಟೆನೆಂದು ತಿಳಿಯಬೇಡಿ. ಸೋಮವಾರ ಬೆಳಗ್ಗೆ ಮೊದಲ ಕೆಲಸವೇ ಅದು. ಪಹಣಿಯ ಖರಾಬು ರಸ್ತೆಯ ಆಚೆ, ಹಳ್ಳದ ಉದ್ದಕ್ಕೂ ಇತ್ತು. ಮಧ್ಯಾಹ್ನ ನಮ್ಮವರಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿ, "ಅಂದ್ರ, ಅಡ್ಡಿ ಇಲ್ಲ" ಎಂದರು. ಆ ಮಾತು ಕೇಳಿ ನನಗೆ ಸಿಟ್ಟು ಬಾರದಿದ್ದದ್ದು ಅವತ್ತೊಂದೇ ದಿನ.

ಮನೆ ನಮ್ಮದಾದ ಮೇಲೆ ಒಳಗೆ ಹೋದ ಮೊದಲ ಸಾಮಾನು ಒಳಕಲ್ಲು. ಅತ್ತೆ ತೋರಿಸಿದ ಕಡೆ ಗೌಂಡಿ ನೆಲ ಅಗೆದ. ಸಿಮೆಂಟು ಕಲಸಲು ನೀರು ಬೇಕೆಂದ. ಆ ಹೊತ್ತಿಗೆ ನಳದ ನೀರು ಬಂದಿರಲಿಲ್ಲ. ಕಟ್ಟೆಯ ಮೇಲಿನ ಆಯಿಗೆ ಅದು ಹೇಗೆ ಕೇಳಿಸಿತೋ, ಮಗಳ ಮನೆಯಿಂದ ಒಂದು ಕೊಡ ಹೊತ್ತುಕೊಂಡು ಬಂದು ಹೊಸ್ತಿಲಲ್ಲಿ ಇಳಿಸಿ, "ಪಾಣಿ" ಎಂದರು. ನಾನು ನಕ್ಕದ್ದು ಏಕೆಂದು ಪಾಪ ಅವರಿಗೆ ತಿಳಿಯಲಿಲ್ಲ, ತಾವೂ ನಕ್ಕರು.

ಗೌಂಡಿ ಸುತ್ತಲೂ ಸಿಮೆಂಟು ಮೆತ್ತಿ, ಕರಣಿಯಿಂದ ಸವರಿ ನೆಲದ ಸಮಕ್ಕೆ ತಂದ. ಅತ್ತೆ ಗೋಡೆ ಹಿಡಿದು ಮೆಲ್ಲಗೆ ಕೂತರು. ಒಳಕಲ್ಲಿನ ಬಾಯೊಳಗೆ ಕೈಯಿಟ್ಟು ಒಂದು ಸುತ್ತು ಸವರಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿ ಕೇಳಿದರು.

"ಇನ್ನ ಯಾರೂ ಎಬ್ಬಸೂದಿಲ್ಲಲ್ಲಾ?"

"ಇಲ್ರಿ ಅತ್ತಿ," ಎಂದೆ. "ಯಾರೂ ಎಬ್ಬಸೂದಿಲ್ಲ."